ಗ್ರೀನ್ ಲೇನ್ಸಿನ ಮೇಜು

ಓದಲು ಪರದೇಶಕ್ಕೆ ಹೋದವರು ಹೋಟೆಲನ್ನು ಆರಿಸಿಕೊಳ್ಳುವುದು ನಾಲಿಗೆಯನ್ನು ಕೇಳಿ ಅಲ್ಲ, ಕಿಸೆಯನ್ನು ಕೇಳಿ. 2007ರ ಸೆಪ್ಟೆಂಬರಿನಲ್ಲಿ ನಾನು ಲಂಡನ್ನಿಗೆ ಹೋದಾಗ ಪೌಂಡಿನ ಬೆಲೆ ಎಂಬತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದು ಕಾಫಿ ಕುಡಿದರೂ ತಲೆಯೊಳಗೆ ಎಂಬತ್ತರ ಮಗ್ಗಿ ತಾನಾಗಿ ಶುರುವಾಗುತ್ತಿತ್ತು. ಬ್ರೆಡ್ಡು, ಬೇಯಿಸಿದ ಬೀನ್ಸಿನ ಡಬ್ಬಿ, ಊರಿನಿಂದ ಒಯ್ದ ಚಟ್ನಿಪುಡಿ, ಇಷ್ಟರಲ್ಲೇ ಸಂಸಾರ. ಹಾಗಿದ್ದ ನಾವು ಐವರು ಆ ವರ್ಷವಿಡೀ ಆಗಾಗ ಹೋಗಿ, ಮೇಜಿನ ತುಂಬ ತಟ್ಟೆ ಹರಡಿಕೊಂಡು ತಿಂದು, ಮೇಲೆ ಚಹಾ ಕುಡಿದು, ಬಾಗಿಲು ಹಾಕುವ ಹೊತ್ತಿಗೆ ಎದ್ದು ಬರುತ್ತಿದ್ದ ಜಾಗವೊಂದಿತ್ತು. ಗ್ರೀನ್ ಲೇನ್ಸ್ ರಸ್ತೆಯ ಒಂದು ಟರ್ಕಿಶ್ ಹೋಟೆಲು.

ಗ್ರೀನ್ ಲೇನ್ಸ್ ಉತ್ತರ ಲಂಡನ್ನಿನ ಉದ್ದನೆಯ ರಸ್ತೆ. ನ್ಯೂಯಿಂಗ್ಟನ್ ಗ್ರೀನಿನಿಂದ ಹೊರಟು ವಿಂಚ್‌ಮೋರ್ ಹಿಲ್ ಕಡೆಗೆ ಆರು ಮೈಲಿಯಷ್ಟು ಸಾಗುತ್ತದೆ. ನಮಗೆ ಬೇಕಾದದ್ದು ಅದರ ಹ್ಯಾರಿಂಗೇ ಭಾಗ. ಮ್ಯಾನರ್ ಹೌಸ್ ನಿಲ್ದಾಣ ಬಿಟ್ಟ ಪಿಕಡಿಲಿ ಲೈನಿನ ರೈಲು ಟರ್ನ್‌ಪೈಕ್ ಲೇನ್ ಬರುವ ತನಕ ನೆಲದಡಿಯಲ್ಲಿ ಎಲ್ಲೂ ನಿಲ್ಲದೆ ಓಡುತ್ತದಲ್ಲ, ಸರಿಯಾಗಿ ಅದರ ಮೇಲಿನ ನೆಲವೇ ಲಂಡನ್ನಿನ ಟರ್ಕಿ. ಮೊದಲು ಬಂದವರು ಸೈಪ್ರಸ್ ದ್ವೀಪದವರು, ಐವತ್ತು ಅರವತ್ತರ ದಶಕಗಳಲ್ಲಿ, ಗ್ರೀಕರೂ ತುರ್ಕರೂ ಒಟ್ಟಿಗೇ. 1974ರಲ್ಲಿ ಆ ದ್ವೀಪ ಎರಡಾದಾಗ ಮತ್ತಷ್ಟು ಜನ. 1980ರಲ್ಲಿ ಟರ್ಕಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಇನ್ನೊಂದು ಅಲೆ. ಎಂಬತ್ತರ ದಶಕದ ಕೊನೆಗೆ ಮರಾಶ್, ಸಿವಾಸ್ ಕಡೆಯ ಕುರ್ದರು. ಬಂದವರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರ ತುಳಿದರು. ತೊಂಬತ್ತರ ದಶಕದಲ್ಲಿ ಆ ಕೆಲಸವೆಲ್ಲ ಕೂಲಿ ಅಗ್ಗವಿರುವ ದೇಶಗಳಿಗೆ ಹೋಯಿತು. ಹೊಲಿಗೆ ಬಿಟ್ಟವರು ಒಲೆ ಹಚ್ಚಿದರು. ಆ ರಸ್ತೆಯಲ್ಲಿ ಅಷ್ಟೊಂದು ಹೋಟೆಲುಗಳು ಸಾಲಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ. ಪಕ್ಕಪಕ್ಕದಲ್ಲೇ ಅಷ್ಟು ಜನ ಅದೇ ಅಡುಗೆ ಮಾಡಿದರೆ ಬೆಲೆ ಏರಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ನಮ್ಮ ಪಾಲಿಗೆ ಅದೇ ಭಾಗ್ಯ.

ರಸ್ತೆಯ ಪಶ್ಚಿಮಕ್ಕೆ ವೈಟ್‌ಮನ್ ರೋಡಿನ ತನಕ ಏರಿ ಹೋಗುವ ಒಂದೇ ಅಳತೆಯ ಬೀದಿಗಳಿವೆ. ಅಂಥ ಒಂದು ಬೀದಿಯ ವಿಕ್ಟೋರಿಯಾ ಕಾಲದ ಮನೆಯಲ್ಲಿ ನಮ್ಮ ವಾಸ. ನಾವು ಗೆಳೆಯರಾಗಿ ಮನೆ ಹಿಡಿದವರಲ್ಲ, ಬಾಡಿಗೆ ಹಂಚಿಕೊಳ್ಳಲು ಬಂದು ಸೇರಿದವರು. ಧಾರವಾಡದ ಹುಡುಗನೊಬ್ಬ, ಅಪ್ಪ ಹೈಸ್ಕೂಲ್ ಮಾಸ್ತರರು. ಅವನ ಮಾತಿನಲ್ಲೂ ಪಾಠ ಹೇಳುವ ಧಾಟಿ ಇದ್ದುದರಿಂದ ನಮಗೆಲ್ಲ ಅವನೂ ಮಾಸ್ತರನೇ. ಉಡುಪಿ ಕಡೆಯ ನರ್ಸ್ ಒಬ್ಬರು. ನಮಗಿಂತ ಎಂಟು ಹತ್ತು ವರ್ಷ ದೊಡ್ಡವರು, ಆದ್ದರಿಂದ ಅಕ್ಕ. ನೈಜೀರಿಯಾದ ಇಬಾದಾನಿನಿಂದ ಬಂದ ಎಂಜಿನಿಯರ್. ಸೈಪ್ರಸ್ಸಿನ ಲಿಮಸೋಲ್ ಪಟ್ಟಣದ ಗ್ರೀಕ್ ಹುಡುಗಿ. ಮೊದಲ ಒಂದು ತಿಂಗಳು ನಮ್ಮ ನಡುವೆ ಇದ್ದ ಸಂಬಂಧವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳು: ಈ ಹಾಲು ನನ್ನದು, ಈ ಮೊಟ್ಟೆ ನಿನ್ನದಲ್ಲ.

ಆ ಚೀಟಿಗಳನ್ನು ಕಿತ್ತು ಹಾಕಿದ್ದು ಆ ಹೋಟೆಲು.

ಅದರ ಹೆಸರು ಬೇಡ. ಅಂಥವು ಆ ರಸ್ತೆಯಲ್ಲಿ ಹತ್ತಾರು ಇದ್ದವು, ಒಂದಕ್ಕಿಂತ ಒಂದು ಕಡಿಮೆಯಿಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ ಉದ್ದನೆಯ ಇದ್ದಿಲ ಒಲೆ, ಮೇಲೆ ತಾಮ್ರದ ತಗಡು ಬಡಿದು ಮಾಡಿದ ದೊಡ್ಡ ಹೊಗೆಗೂಡು. ಒಲೆಯ ಮುಂದೆ ದಪ್ಪ ಮೀಸೆಯ ಯಜಮಾನ. ಎಲ್ಲರೂ ಅವರನ್ನು ‘ಉಸ್ತಾ’ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಮರಾಶ್ ಕಡೆಯ ಕುರ್ದರು. ಬಂದ ಹೊಸದರಲ್ಲಿ ಕೋಟು ಹೊಲಿಯುತ್ತಿದ್ದರಂತೆ. ಮಾತು ಕಡಿಮೆ. ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಬೀಸಣಿಗೆ. ಕೆಂಡದ ಮೇಲೆ ಜ್ವಾಲೆ ಏಳಲು ಅವರು ಬಿಡುತ್ತಿರಲಿಲ್ಲ. ಎದ್ದರೆ ಮಾಂಸ ಬೇಯುವುದಿಲ್ಲ, ಸುಡುತ್ತದೆ. ಅದಾನಾ ಕೆಬಾಬಿಗೆ ಕೊಚ್ಚಿದ ಕುರಿಮಾಂಸಕ್ಕೆ ಬಾಲದ ಕೊಬ್ಬು, ಕೆಂಪು ಮೆಣಸು ಸೇರಿಸಿ ಅಗಲವಾದ ಕಬ್ಬಿಣದ ಸಲಾಕೆಗೆ ಒತ್ತುತ್ತಾರೆ. ಬೆರಳಿನಿಂದ ಗೀರು ಗೀರಾಗಿ ಒತ್ತಿದ ಆ ಗುರುತು ಬೆಂದ ಮೇಲೂ ಉಳಿದಿರುತ್ತದೆ. ಕೊಬ್ಬು ಕರಗಿ ತೊಟ್ಟಿಕ್ಕುವ ಹೊತ್ತಿಗೆ ಉಸ್ತಾ ತೆಳ್ಳನೆಯ ರೊಟ್ಟಿಯನ್ನು ಮಾಂಸದ ಮೇಲೆ ಹೊದಿಸಿ ಒಮ್ಮೆ ಒತ್ತಿ ತೆಗೆಯುತ್ತಿದ್ದರು. ರಸವೆಲ್ಲ ರೊಟ್ಟಿಗೆ. ಆ ರೊಟ್ಟಿಗಾಗಿಯೇ ಹೋಗುವವರಿದ್ದರು.

ಕುಳಿತ ಎರಡು ನಿಮಿಷಕ್ಕೆ ಕೇಳದೆಯೇ ಮೇಜು ತುಂಬತೊಡಗುತ್ತಿತ್ತು. ಟೊಮೇಟೊ, ಸೌತೆಕಾಯಿ, ಪಾರ್ಸ್ಲಿ ಸಣ್ಣಗೆ ಹೆಚ್ಚಿದ ಒಂದು ಸಲಾಡ್. ಕೆಂಡದಲ್ಲಿ ಸುಟ್ಟ ಈರುಳ್ಳಿಗೆ ಹುಳಿ ದಾಳಿಂಬೆಯ ಕಪ್ಪನೆಯ ಪಾಕ ಸುರಿದ ಇನ್ನೊಂದು. ಹಸಿ ಈರುಳ್ಳಿಯ ಎಳೆಗಳ ಮೇಲೆ ಸುಮಾಕ್ ಎಂಬ ಕೆಂಪು ಹುಳಿಪುಡಿ ಉದುರಿಸಿದ ಮತ್ತೊಂದು. ಬಿಸಿ ರೊಟ್ಟಿಯ ಬುಟ್ಟಿ. ಇವಕ್ಕೆ ಯಾವುದಕ್ಕೂ ದುಡ್ಡಿಲ್ಲ. ಬುಟ್ಟಿ ಖಾಲಿಯಾದರೆ ಮತ್ತೆ ತರುತ್ತಾರೆ. ಮೊದಲ ಸಲ ಮಾಸ್ತರ ನನ್ನ ಕಿವಿಯಲ್ಲಿ, ‘ಲೇ, ಇದನ್ನೆಲ್ಲ ನಾವು ಹೇಳೇ ಇಲ್ಲಲ್ಲೋ, ಬಿಲ್ಲಿನ್ಯಾಗ ಹಾಕ್ತಾರೇನು ನೋಡು’ ಎಂದ. ಬಿಲ್ಲು ಬಂದಾಗ ಅವನು ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ಹಾಕಿರಲಿಲ್ಲ. ಆ ದಿನವೇ ಅವನು ಆ ಹೋಟೆಲಿನ ಭಕ್ತನಾದ.

ಭಕ್ತನೇನೋ ಆದ, ಆದರೆ ಅವನಿಗೆ ಎರಡು ಕಷ್ಟಗಳಿದ್ದವು. ಒಂದು, ಅವನು ಮಾಂಸ ತಿನ್ನುವವನಲ್ಲ. ಉಸ್ತಾರ ಸೋದರಳಿಯ, ಓದುತ್ತ ಸಂಜೆ ಹೊತ್ತು ಬಡಿಸುತ್ತಿದ್ದ ಹುಡುಗ, ಇದನ್ನು ತಿಳಿದ ಕೂಡಲೇ ನಮ್ಮ ಮೇಜಿನ ರೊಟ್ಟಿ ಬುಟ್ಟಿಯನ್ನು ಎತ್ತಿಕೊಂಡು ಹೋದ. ಬೇರೆ ರೊಟ್ಟಿ ತಂದು ಮಾಸ್ತರನ ಮುಂದಿಟ್ಟು, ‘ಇದು ಮಾಂಸ ಮುಟ್ಟಿಲ್ಲ, ಒಲೆಯ ಆ ತುದಿಯಲ್ಲಿ ಬಿಸಿ ಮಾಡಿದ್ದು, ಇದರಲ್ಲೇ ತಿನ್ನಿ’ ಎಂದ. ನಾವು ಯಾರೂ ಕೇಳಿರಲಿಲ್ಲ. ಆಮೇಲೆ ಪ್ರತಿ ಸಲವೂ ಮಾಸ್ತರನಿಗೆ ಬೇರೆ ಬುಟ್ಟಿ ಬರುತ್ತಿತ್ತು, ಸುಟ್ಟ ಬದನೆಕಾಯಿಯನ್ನು ಬೇರೆ ಸಲಾಕೆಯಲ್ಲೇ ಬೇಯಿಸುತ್ತಿದ್ದರು. ಬಡಿಸುವವರಿಗೆ ಇಷ್ಟು ಸೂಕ್ಷ್ಮ ಇರುವ ಹೋಟೆಲುಗಳನ್ನು ನಾನು ಊರಿನಲ್ಲೂ ಹೆಚ್ಚು ಕಂಡಿಲ್ಲ.

ಎರಡನೆಯ ಕಷ್ಟ ದೊಡ್ಡದು. ಅಲ್ಲಿ ಮೆಜೆ ಎಂದು ಸಣ್ಣ ಸಣ್ಣ ಬಟ್ಟಲುಗಳನ್ನು ಮೇಜಿನ ನಡುವೆ ಇಡುತ್ತಾರೆ. ಹಮ್ಮಸ್, ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಒಣ ಪುದೀನ ಸೇರಿಸಿದ ಹೈದರಿ, ಸೌತೆಕಾಯಿ ಹಾಕಿದ ಜಾಜಿಕ್, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಎಲ್ಲರೂ ರೊಟ್ಟಿ ಹರಿದು ಅದೇ ಬಟ್ಟಲಿಗೆ ಅದ್ದಬೇಕು. ಮಾಸ್ತರನದು ಅಜ್ಜಿ ಮಡಿಯುಟ್ಟು ಅಡುಗೆ ಮಾಡುತ್ತಿದ್ದ ಮನೆ. ಒಬ್ಬರ ಲೋಟ ಇನ್ನೊಬ್ಬರು ಮುಟ್ಟದೆ, ನೀರನ್ನು ಮೇಲಿಂದ ಗಟಗಟ ಕುಡಿದು ಬೆಳೆದವನು. ಮೊದಮೊದಲು ಬಟ್ಟಲುಗಳು ಬಂದ ತಕ್ಷಣ, ಯಾರೂ ಕೈ ಹಾಕುವ ಮುಂಚೆ, ಚಮಚದಲ್ಲಿ ಪ್ರತಿಯೊಂದರಿಂದ ತನ್ನ ಪಾಲು ತೆಗೆದು ತಟ್ಟೆಗೆ ಹಾಕಿಕೊಂಡುಬಿಡುತ್ತಿದ್ದ. ಇಬಾದಾನಿನವನಿಗೆ ಇದು ಹೊಟ್ಟೆಬಾಕತನವೆಂದು ಕಂಡಿತು. ಹೇಳಿಯೂ ಬಿಟ್ಟ. ಎಂಜಲನ್ನು ಇಂಗ್ಲಿಷಿನಲ್ಲಿ ಅವನಿಗೆ ತಿಳಿಸಿ ಹೇಳಲು ನಾನೂ ಅಕ್ಕನೂ ಸೇರಿ ಒಂದು ಸಂಜೆ ಹೆಣಗಿದೆವು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಹಾಗಾದರೆ ನಿಮ್ಮಲ್ಲಿ ಗೆಳೆಯರು ಹೇಗೆ ತಿನ್ನುತ್ತಾರೆ?’ ಎಂದ.

ಕೊನೆಗೆ ಕಾನೂನು ಮಾಡಿದವರು ಅಕ್ಕ. ‘ಎಂತ ಮಾರಾಯ, ಅಷ್ಟು ಯಾಕೆ ಚರ್ಚೆ? ಅದ್ದಿದ್ದನ್ನು ಇಡೀ ಬಾಯಿಗೆ ಹಾಕಿ. ಕಚ್ಚಿದ ತುಂಡು ಪುನಃ ಬಟ್ಟಲಿಗೆ ಇಳಿಯಬಾರದು. ಇಳಿದರೆ ಅವರದ್ದೇ ಆ ದಿನದ ಬಿಲ್ಲು.’ ಆಸ್ಪತ್ರೆಯ ವಾರ್ಡು ನಡೆಸಿದವರ ಮಾತು, ಅದಕ್ಕೆ ಅಪೀಲಿಲ್ಲ. ಮೊದಲ ದಿನವೇ ಸೈಪ್ರಸ್ ಹುಡುಗಿ ಮಾತಿನ ಭರದಲ್ಲಿ ಸಿಕ್ಕಿಬಿದ್ದಳು, ಬಿಲ್ಲೂ ಕೊಟ್ಟಳು. ಚಳಿಗಾಲ ಮುಗಿಯುವ ಹೊತ್ತಿಗೆ ನೋಡಿದರೆ ಮಾಸ್ತರನ ಚಮಚ ಹಾಗೇ ಮಡಚಿದ ಕಾಗದದೊಳಗೆ ಉಳಿದಿರುತ್ತಿತ್ತು. ಅವನು ಯಾವತ್ತು ನಮ್ಮ ಬಟ್ಟಲಿಗೆ ರೊಟ್ಟಿ ಅದ್ದತೊಡಗಿದನೆಂದು ನಾವ್ಯಾರೂ ಗಮನಿಸಿರಲಿಲ್ಲ. ಅವನೂ ಗಮನಿಸಿರಲಿಕ್ಕಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದೇ ಮನೆಯಲ್ಲಿ ಮಲಗಿ ಏಳುವುದರಿಂದ ಆಗದ ಕೆಲಸ ಆ ಬಟ್ಟಲುಗಳಿಂದ ಆಯಿತು. ತಟ್ಟೆ ಬೇರೆ ಬೇರೆ ಇದ್ದಾಗ ಜನ ತಮ್ಮ ಪಾಡಿಗೆ ತಾವು ತಿಂದು ಏಳುತ್ತಾರೆ. ಬಟ್ಟಲು ನಡುವೆ ಇದ್ದರೆ ಅದನ್ನು ದಾಟಿಸಬೇಕು, ಕೊನೆಯ ತುತ್ತು ಯಾರಿಗೆಂದು ಜಗಳವಾಡಬೇಕು, ಹಾಗಾಗಿ ಮಾತಾಡಲೇಬೇಕು.

ಮಾಸ್ತರನೂ ಇಬಾದಾನಿನವನೂ ಒಂದಾದದ್ದು ಖಾರದ ವಿಷಯದಲ್ಲಿ. ಕೆಬಾಬಿನ ಜೊತೆ ಸುಟ್ಟ ಹಸಿಮೆಣಸಿನಕಾಯಿ ಬರುತ್ತಿತ್ತು. ಕೆಲವು ಸಪ್ಪೆ, ಕೆಲವು ಕಣ್ಣಲ್ಲಿ ನೀರು ತರಿಸುವಂಥವು. ಕಚ್ಚುವ ತನಕ ಯಾವುದು ಯಾವುದೆಂದು ಗೊತ್ತಾಗದು. ಇಬ್ಬರೂ ಎದುರುಬದುರು ಕುಳಿತು ಒಂದೊಂದೇ ಕಚ್ಚುತ್ತ ಮುಖದಲ್ಲಿ ಏನೂ ತೋರಿಸದಿರುವ ಪಂದ್ಯ ಹೂಡುತ್ತಿದ್ದರು. ಸೋದರಳಿಯ ಅಡುಗೆಮನೆಯಿಂದ ಮತ್ತೊಂದು ಹಿಡಿ ತಂದು ಸುರಿದು, ನಿಂತು ನೋಡುತ್ತಿದ್ದ. ಸೋತವರು ಅಯ್ರಾನ್ ತರಿಸುತ್ತಿದ್ದರು. ಉಪ್ಪು ಹಾಕಿ ನೊರೆ ಬರುವ ಹಾಗೆ ಕಡೆದ ಅದನ್ನು ಮೊದಲ ಸಲ ಕುಡಿದ ಮಾಸ್ತರ, ‘ಒಗ್ಗರಣಿ ಹಾಕೋದು ಮರೆತ ಮಜ್ಜಿಗಿ ಇದು’ ಎಂದು ತೀರ್ಪು ಕೊಟ್ಟ. ಆದರೂ ಎರಡು ಲೋಟ ಕುಡಿದ.

ಅಕ್ಕನದು ಪಾಳಿ ಕೆಲಸ. ರಾತ್ರಿ ಪಾಳಿಯ ವಾರಗಳಲ್ಲಿ ಅವರು ಸಂಜೆ ಆರಕ್ಕೇ ಬಂದು, ಮಸೂರ್ ಬೇಳೆಯ ಬಿಸಿ ಸೂಪಿಗೆ ನಿಂಬೆ ಹಿಂಡಿಕೊಂಡು ಕುಡಿದು, ನಾವು ಬರುವ ಹೊತ್ತಿಗೆ ಹೊರಡಲು ಎದ್ದಿರುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿಯೇ ನಾವು ಬೇಗ ಹೋಗುತ್ತಿದ್ದೆವು. ಊಟದ ಕೊನೆಗೆ ನಡು ಸಣ್ಣದಾದ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ, ಪಕ್ಕದಲ್ಲಿ ಎರಡು ಸಕ್ಕರೆ ಅಚ್ಚು. ಅದಕ್ಕೂ ದುಡ್ಡಿಲ್ಲ. ಒಂದು ಮುಗಿದರೆ ಇನ್ನೊಂದು ಬರುತ್ತಿತ್ತು, ಬೇಡವೆನ್ನುವ ತನಕ. ಹಬ್ಬವೋ ಹುಟ್ಟುಹಬ್ಬವೋ ಇದ್ದರೆ ಹತ್ತಿರದ ಯಶಾರ್ ಹಲೀಮ್ ಬೇಕರಿಯಿಂದ ಬಕ್ಲಾವಾ ತಂದು ಅಲ್ಲೇ ತಿನ್ನುತ್ತಿದ್ದೆವು. ಹೊರಗಿನ ತಿಂಡಿ ತಂದದ್ದಕ್ಕೆ ಉಸ್ತಾ ಒಂದು ದಿನವೂ ಮುಖ ಗಂಟು ಹಾಕಲಿಲ್ಲ, ಒಂದು ತುಂಡು ತಾವೂ ತೆಗೆದುಕೊಳ್ಳುತ್ತಿದ್ದರು.

ಸೈಪ್ರಸ್ ಹುಡುಗಿ ಮಾತ್ರ ಮೊದಲು ಅಲ್ಲಿಗೆ ಬರಲು ಹಿಂದೆಮುಂದೆ ನೋಡಿದ್ದಳು. ಕಾರಣವನ್ನು ಅವಳಾಗಿ ಹೇಳಲು ಬಹಳ ದಿನ ಹಿಡಿಯಿತು. ಅವಳ ಅಪ್ಪ ಅಮ್ಮ ದ್ವೀಪದ ಉತ್ತರ ತೀರದ ಕಿರೀನಿಯಾದವರು. 1974ರ ಜುಲೈ 20ರಂದು ಟರ್ಕಿಯ ಸೇನೆ ಬಂದಿಳಿದದ್ದು ಅದೇ ತೀರದಲ್ಲಿ. ಮನೆಗೆ ಬೀಗ ಹಾಕಿ, ನಾಲ್ಕು ದಿನದಲ್ಲಿ ವಾಪಸ್ಸಾಗುವ ಅಂದಾಜಿನಲ್ಲಿ ದಕ್ಷಿಣಕ್ಕೆ ಹೋದವರು ಮರಳಲಿಲ್ಲ. ಲಿಮಸೋಲಿನಲ್ಲಿ ಅವರಿಗೆ ಸಿಕ್ಕಿದ್ದು ಉತ್ತರಕ್ಕೆ ಹೋದ ತುರ್ಕ್ ಕುಟುಂಬವೊಂದು ಬಿಟ್ಟುಹೋದ ಮನೆ. ಅವಳು ಹುಟ್ಟಿ ಬೆಳೆದದ್ದು ಅಲ್ಲೇ. ‘ನಾವು ಯಾರದೋ ಮನೆಯಲ್ಲಿದ್ದೇವೆ, ನಮ್ಮ ಮನೆಯಲ್ಲಿ ಯಾರೋ ಇದ್ದಾರೆ’ ಎಂದು ಅವಳು ಒಂದು ರಾತ್ರಿ ಹೇಳಿದಾಗ ಅದರಲ್ಲಿ ಸಿಟ್ಟಿರಲಿಲ್ಲ, ಬಾಡಿಗೆ ವಿವರ ಹೇಳುವ ಹಾಗಿತ್ತು.

ಹೋಟೆಲಿನ ಕಿಟಕಿ ಪಕ್ಕದ ಮೇಜು ಒಬ್ಬ ಅಜ್ಜನದು. ದಿನಾ ಸಂಜೆ ಬಂದು ತವ್ಲಾ ಹಲಗೆ ಬಿಡಿಸಿಕೊಂಡು, ಆಡಲು ಯಾರಾದರೂ ಸಿಕ್ಕಾರೇ ಎಂದು ಕಾಯುತ್ತ ಕೂರುತ್ತಿದ್ದರು. ಎರಡು ದಾಳ ಎಸೆದು ಕಾಯಿ ನಡೆಸುವ ಆಟ ಅದು. ಸೈಪ್ರಸ್ಸಿನಲ್ಲಿ ಗ್ರೀಕರೂ ತುರ್ಕರೂ ಆಡುತ್ತಾರೆ. ಒಂದು ದಿನ ಇವಳು ಫೋನಿನಲ್ಲಿ ಅಮ್ಮನ ಜೊತೆ ಮಾತು ಮುಗಿಸಿ ಇಟ್ಟ ಮೇಲೆ ಆ ಅಜ್ಜ ತಿರುಗಿ ಗ್ರೀಕಿನಲ್ಲಿ ಏನೋ ಕೇಳಿದರು. ಅದೂ ಅಥೆನ್ಸಿನ ಗ್ರೀಕ್ ಅಲ್ಲವಂತೆ, ದ್ವೀಪದ ಹಳ್ಳಿಗರ ಗ್ರೀಕ್. ಹುಡುಗಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ಅಜ್ಜ ಪಾಫೊಸ್ ಕಡೆಯ ತುರ್ಕರು. ಎರಡೂ ಜನ ಕೂಡಿ ಬಾಳಿದ್ದ ಹಳ್ಳಿಯಲ್ಲಿ ಹುಟ್ಟಿ, ಅರವತ್ತರ ದಶಕದ ಗಲಭೆಗಳ ಕಾಲದಲ್ಲಿ ಲಂಡನ್ನಿಗೆ ಬಂದವರು. ಅವರ ಅಣ್ಣತಮ್ಮಂದಿರು 1975ರಲ್ಲಿ ಹಳ್ಳಿ ಬಿಟ್ಟು ಉತ್ತರಕ್ಕೆ ಹೋದರು. ಇವಳ ಮನೆಯವರು ಉತ್ತರದಿಂದ ದಕ್ಷಿಣಕ್ಕೆ, ಅವರ ಮನೆಯವರು ದಕ್ಷಿಣದಿಂದ ಉತ್ತರಕ್ಕೆ. ಆ ಸಂಜೆ ನಾವು ನಾಲ್ವರು ನಮ್ಮ ಪಾಡಿಗೆ ತಿಂದೆವು. ಅವಳು ಅಜ್ಜನ ಮೇಜಿನಲ್ಲೇ ಕುಳಿತು ತವ್ಲಾ ಆಡಿದಳು. ಅಜ್ಜ ಕಾಯಿಗಳನ್ನು ಹಲಗೆಗೆ ಕುಟ್ಟಿ ಇಡುತ್ತಿದ್ದ ಸದ್ದು ಇಡೀ ಹೋಟೆಲಿಗೆ ಕೇಳುತ್ತಿತ್ತು. ಆಮೇಲೆ ಅವಳು ಬರುತ್ತಿದ್ದುದು ಊಟಕ್ಕೋ ಆಟಕ್ಕೋ ಹೇಳುವುದು ಕಷ್ಟ.

2008ರ ಏಪ್ರಿಲ್ 3ರಂದು ನಿಕೋಸಿಯಾದ ನಡುಪೇಟೆಯ ಲೆಡ್ರಾ ಬೀದಿಯ ಅಡ್ಡಗೋಡೆ ತೆರೆಯಿತು. ಅರವತ್ತರ ದಶಕದಿಂದ ಮುಚ್ಚಿದ್ದ ದಾರಿ ಅದು. ದ್ವೀಪದ ಬೇರೆ ಕಡೆ ದಾಟುವ ಅವಕಾಶ 2003ರಲ್ಲೇ ಸಿಕ್ಕಿತ್ತಾದರೂ ಲೆಡ್ರಾ ಬೀದಿಯ ಮಾತೇ ಬೇರೆ, ಅದು ರಾಜಧಾನಿಯ ಪೇಟೆ ಬೀದಿ. ಸುದ್ದಿ ಬಂದ ದಿನ ಅಜ್ಜ ಎಲ್ಲರಿಗೂ ಕಾಫಿ ಹೇಳಿದರು. ಹುಡುಗಿಯೂ ಅಜ್ಜನೂ ದ್ವೀಪದ ರಾಜಕಾರಣದ ಬಗ್ಗೆ ಒಂದು ಗಂಟೆ ಜೋರಾಗಿ ಜಗಳವಾಡಿದರು, ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಲಿಲ್ಲ. ಕಾಫಿಯ ದುಡ್ಡು ಕೊಡಲು ಮಾತ್ರ ಅಜ್ಜ ಯಾರಿಗೂ ಬಿಡಲಿಲ್ಲ. ಇಬ್ಬರೂ ಅತ್ತುಬಿಟ್ಟರು, ತಬ್ಬಿಕೊಂಡರು ಎಂದೆಲ್ಲ ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಮಾರನೆಯ ದಿನ ಮತ್ತೆ ಆಟ ಹೂಡಿದರು.

ಇನ್ನು ಆ ಜೂನ್ ತಿಂಗಳು. ಯೂರೋ ಫುಟ್‌ಬಾಲ್ ಪಂದ್ಯಾವಳಿಗೆ ಆ ಸಲ ಇಂಗ್ಲೆಂಡ್ ಅರ್ಹತೆಯನ್ನೇ ಪಡೆದಿರಲಿಲ್ಲ. ಲಂಡನ್ನಿನ ಉಳಿದ ಪಬ್ಬುಗಳು ಮಂಕಾಗಿದ್ದರೆ ಗ್ರೀನ್ ಲೇನ್ಸಿನಲ್ಲಿ ಮೇಲಿನ ಮಹಡಿಗಳ ಕಿಟಕಿಯಿಂದೆಲ್ಲ ಕೆಂಪು ಬಾವುಟ ಇಳಿಬಿದ್ದಿತ್ತು. ಉಸ್ತಾ ಮನೆಯ ಟಿವಿ ಹೊತ್ತು ತಂದು ತಂಪು ಪಾನೀಯದ ಫ್ರಿಜ್ಜಿನ ಮೇಲೆ ಕೂರಿಸಿದರು. ಜೂನ್ 15ರಂದು ಟರ್ಕಿ ಎರಡು ಗೋಲಿನಿಂದ ಹಿಂದೆ ಬಿದ್ದು ಜೆಕ್ ಗಣರಾಜ್ಯವನ್ನು ಕೊನೆಯ ನಿಮಿಷಗಳಲ್ಲಿ 3-2ರಿಂದ ಸೋಲಿಸಿತು. ಅದನ್ನು ನಾವು ನೋಡಲಿಲ್ಲ, ಮನೆಯೊಳಗೆ ಕುಳಿತು ರಸ್ತೆಯ ಹಾರ್ನ್ ಸದ್ದು ಕೇಳಿದೆವು. 20ರ ಶುಕ್ರವಾರ ಕ್ವಾರ್ಟರ್‌ಫೈನಲ್, ಕ್ರೊಯೇಷಿಯಾ ಎದುರು. ಆ ದಿನ ಐವರೂ ಮುಂಚೆಯೇ ಹೋಗಿ ಜಾಗ ಹಿಡಿದೆವು. ಅಕ್ಕ ಪಾಳಿ ಬದಲಾಯಿಸಿಕೊಂಡು ಬಂದಿದ್ದರು, ಫುಟ್‌ಬಾಲಿಗೆ ಎಷ್ಟು ಜನ ಎಂದು ಕೂಡ ಅವರಿಗೆ ತಿಳಿದಿರಲಿಲ್ಲ.

ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲೂ ಇಲ್ಲ, ಇಲ್ಲ ಎನ್ನುತ್ತಿರುವಾಗ 119ನೇ ನಿಮಿಷಕ್ಕೆ ಕ್ರೊಯೇಷಿಯಾದ ಕ್ಲಾಸ್ನಿಚ್ ಹೊಡೆದ. ಹೋಟೆಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಒಬ್ಬರು ಎದ್ದು ಕೋಟು ಹಾಕಿಕೊಂಡರು. ಕ್ರೊಯೇಷಿಯಾದವರು ಇನ್ನೂ ಕುಣಿದು ಮುಗಿಸಿರಲಿಲ್ಲ, ಟರ್ಕಿಯ ಗೋಲಿ ರುಷ್ತು ದೂರದಿಂದ ಒದ್ದ ಚೆಂಡು ಸೆಮಿಹ್ ಶೆಂತುರ್ಕ್ ಕಾಲಿಗೆ ಬಂತು, ಆಟ ಮುಗಿಸುವ ಸೀಟಿಗೆ ಕ್ಷಣಗಳಿರುವಾಗ ಅವನು ಬಲೆಗೆ ಬಾರಿಸಿದ. ಆಗ ಎದ್ದ ಕೂಗಿಗೆ ಮೇಜಿನ ಮೇಲಿದ್ದ ಲೋಟಗಳು ಉರುಳಿದವು. ಪೆನಾಲ್ಟಿಯಲ್ಲಿ ಟರ್ಕಿ 3-1ರಿಂದ ಗೆದ್ದಿತು. ಕೋಟು ಹಾಕಿಕೊಂಡವರು ಅದನ್ನು ಬಿಚ್ಚಿ ತಲೆಯ ಮೇಲೆ ಬೀಸುತ್ತ ರಸ್ತೆಗೆ ಓಡಿದರು. ಉಸ್ತಾ ಒಲೆಯನ್ನು ಬಿಟ್ಟು ಬಂದು ಟಿವಿ ಮುಂದೆ ನಿಂತಿದ್ದರು. ಒಂದು ಸಾಲು ಕೆಬಾಬು ಕರಕಲಾಗಿತ್ತು. ಅವರ ಕೈಯಲ್ಲಿ ಮಾಂಸ ಸುಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಕರಕಲನ್ನೇ ತಟ್ಟೆಗೆ ಹಾಕಿ ಎಲ್ಲರಿಗೂ ಹಂಚಿದರು, ಯಾರೂ ಬೇಡವೆನ್ನಲಿಲ್ಲ. ಮಾಸ್ತರನಿಗೆ ಎರಡು ಬಟ್ಟಲು ಹೈದರಿ.

ಹೊರಗೆ ಬಂದರೆ ರಸ್ತೆ ಜನರಿಂದ ತುಂಬಿತ್ತು. 1899ರಲ್ಲಿ ಕಟ್ಟಿದ ಸಾಲ್ಸ್‌ಬರಿ ಪಬ್ಬಿನ ಮುಂದಿನ ಮೂಲೆಯಲ್ಲಿ ಡೋಲು, ಝುರ್ನಾ ಎಂಬ ಊದುವ ವಾದ್ಯ. ಕಾರಿನ ಮೇಲೆ ಹತ್ತಿದ ಹುಡುಗರು. 29ನೇ ನಂಬರಿನ ಬಸ್ಸು ಆಗ ನಡುವೆ ಮಡಚಿಕೊಳ್ಳುವ ಉದ್ದನೆಯ ಜೋಡಿ ಬಸ್ಸು. ಮೂರು ಬಾಗಿಲಿದ್ದು ಯಾವುದರಿಂದ ಬೇಕಾದರೂ ಹತ್ತಬಹುದಾದ್ದರಿಂದ ಬಿಟ್ಟಿ ಪ್ರಯಾಣಕ್ಕೆ ಹೆಸರಾಗಿತ್ತು. (ನಾವು ಯಾವಾಗಲೂ ಕಾರ್ಡು ಒತ್ತಿಯೇ ಹತ್ತುತ್ತಿದ್ದೆವು ಎಂದರೆ ನೀವು ನಂಬುವುದಿಲ್ಲ, ಬಿಡಿ.) ಅಂಥ ಮೂರು ಬಸ್ಸುಗಳು ಜನರ ನಡುವೆ ಸಿಕ್ಕಿಕೊಂಡು ನಿಂತಿದ್ದವು. ಚಾಲಕರೊಬ್ಬರು ಕೆಳಗಿಳಿದು ಕುಣಿಯುತ್ತಿದ್ದರು. ಅಕ್ಕನ ಕೈ ಹಿಡಿದು ಯಾರೋ ಅಜ್ಜಿ ಸಾಲು ಕುಣಿತಕ್ಕೆ ಎಳೆದುಕೊಂಡರು. ಗ್ರೀಕ್ ಹುಡುಗಿ ಟರ್ಕಿಯ ಬಾವುಟ ಹಿಡಿಯಲಿಲ್ಲ, ಆದರೆ ಮನೆಗೂ ಹೋಗಲಿಲ್ಲ. ಪಬ್ಬಿನ ಮೆಟ್ಟಿಲಿನ ಮೇಲೆ ಅಜ್ಜನ ಪಕ್ಕ ನಿಂತು ನೋಡಿದಳು.

ಸೆಮಿಫೈನಲ್ 25ರಂದು, ಜರ್ಮನಿಯ ಮೇಲೆ. ಪೆಟ್ಟು, ನಿಷೇಧಗಳಿಂದ ಟರ್ಕಿಯ ತಂಡದಲ್ಲಿ ಆಡುವವರೇ ಉಳಿದಿರಲಿಲ್ಲ. ಮೂರನೇ ಗೋಲ್‌ಕೀಪರನನ್ನು ಮುಂದೆ ಆಡಿಸುವ ಮಾತೂ ಎದ್ದಿತ್ತು. ನಡುವೆ ವಿಯೆನ್ನಾದಲ್ಲಿ ಗುಡುಗು ಮಳೆ ಬಂದು ಟಿವಿ ಚಿತ್ರವೇ ಹೋಯಿತು. ಉಸ್ತಾ ಫ್ರಿಜ್ಜಿಗೆ ಎರಡು ಗುದ್ದು ಗುದ್ದಿದರು, ತಪ್ಪು ಅದರದೇ ಎಂಬಂತೆ. ಕೊನೆಯ ನಿಮಿಷದ ಗೋಲಿನಿಂದ 3-2ರಲ್ಲಿ ಜರ್ಮನಿ ಗೆದ್ದಿತು. ಸೋತರೂ ಜನ ಹಾರ್ನ್ ಹೊಡೆದರು. ನಮ್ಮ ಮೇಜಿಗೆ ಆ ರಾತ್ರಿ ಬಕ್ಲಾವಾ ಉಸ್ತಾರ ಲೆಕ್ಕದಲ್ಲಿ ಬಂತು.

ಅದಾದ ಮೇಲೆ ಹೆಚ್ಚು ದಿನ ಉಳಿದಿರಲಿಲ್ಲ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಲಂಡನ್ನಿನ ಕೆನರಿ ವಾರ್ಫಿನಲ್ಲಿದ್ದ ಅದರ ಕಚೇರಿಯಿಂದ ಜನ ರಟ್ಟಿನ ಪೆಟ್ಟಿಗೆ ಹಿಡಿದು ಹೊರಬರುವ ಚಿತ್ರಗಳನ್ನು ಅದೇ ಫ್ರಿಜ್ಜಿನ ಮೇಲಿನ ಟಿವಿಯಲ್ಲಿ ನೋಡಿದೆವು. ಇಬಾದಾನಿನವನಿಗೆ ಸಿಗುವುದೆಂದಿದ್ದ ಕೆಲಸ ಕೈತಪ್ಪಿತು. ಮಾಸ್ತರನಿಗೂ ನನಗೂ ಎಲ್ಲೂ ಕರೆ ಬರಲಿಲ್ಲ. ಒಬ್ಬೊಬ್ಬರಾಗಿ ಹೊರಟೆವು. ಪ್ರತಿಯೊಬ್ಬರ ಹೊರಡುವ ಮುನ್ನಿನ ಊಟವೂ ಅಲ್ಲೇ ಆಯಿತು, ಕುರ್ಚಿಗಳು ಒಂದೊಂದಾಗಿ ಕಡಿಮೆಯಾದವು. ಕೊನೆಗೆ ಉಳಿದವರು ಅಕ್ಕ ಒಬ್ಬರೇ. ಅವರಿಗೆ ಆಸ್ಪತ್ರೆಯ ಕೆಲಸವಿತ್ತು.

ಆಮೇಲೆ ಎಲ್ಲರ ಬದುಕೂ ಎಲ್ಲರ ಬದುಕಿನ ಹಾಗೆಯೇ. ಮಾಸ್ತರ ಬೆಂಗಳೂರು, ಇಬಾದಾನಿನವನು ಲಾಗೋಸ್. 2013ರ ಮಾರ್ಚಿನಲ್ಲಿ ಸೈಪ್ರಸ್ಸಿನ ಬ್ಯಾಂಕುಗಳು ಎರಡು ವಾರದಷ್ಟು ಕಾಲ ಬಾಗಿಲು ಹಾಕಿದಾಗ ಗಾಬರಿಯಿಂದ ಲಿಮಸೋಲಿಗೆ ಫೋನ್ ಮಾಡಿದರೆ, ‘ಬ್ಯಾಂಕಿನಲ್ಲಿ ದುಡ್ಡಿದ್ದವರು ತಾನೇ ಹೆದರಬೇಕು’ ಎಂದು ಹುಡುಗಿ ನಕ್ಕಳು. ವರ್ಷಕ್ಕೊಮ್ಮೆ ಹೊಸ ವರ್ಷದ ಸಂದೇಶ, ಅಷ್ಟೇ ಉಳಿದಿತ್ತು.

2023ರ ಫೆಬ್ರವರಿ 6ರ ಬೆಳಗ್ಗೆ ಟರ್ಕಿಯಲ್ಲಿ ಭೂಮಿ ನಡುಗಿತು. 7.8ರ ತೀವ್ರತೆ. ನಡುಗಿದ ಸೀಮೆಯ ಹೆಸರು ಟಿವಿಯಲ್ಲಿ ಬಂತು: ಕಹ್ರಮಾನ್‌ಮರಾಶ್. ಟರ್ಕಿಯೊಂದರಲ್ಲೇ ಐವತ್ತು ಸಾವಿರಕ್ಕೂ ಮೀರಿ ಜನ ಸತ್ತರು. ಮೊದಲು ಸಂದೇಶ ಹಾಕಿದವನು ಮಾಸ್ತರ: ‘ಉಸ್ತಾನ ಊರು ಅದ ಅಲ್ಲೇನು?’ ಹೌದು ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. ಅಕ್ಕ ಈಗ ಇರುವುದು ಲೆಸ್ಟರ್‌ನಲ್ಲಿ. ಅವರು ಆ ಶನಿವಾರವೇ ರೈಲು ಹಿಡಿದು ಲಂಡನ್ನಿಗೆ ಹೋದರು. ಗ್ರೀನ್ ಲೇನ್ಸಿನ ಅಂಗಡಿಗಳ ಮುಂದೆ ಕಂಬಳಿ, ಕೋಟು, ಮಕ್ಕಳ ಬಟ್ಟೆ ತುಂಬಿದ ಪೆಟ್ಟಿಗೆಗಳು ಕಾದಿದ್ದವಂತೆ. ಹೋಟೆಲನ್ನು ಈಗ ನಡೆಸುವವನು ಆ ಸೋದರಳಿಯ, ಅವನ ತಲೆಯಲ್ಲೂ ಬಿಳಿ ಕೂದಲು. ಅಕ್ಕನ ಗುರುತು ಹಿಡಿದ. ಉಸ್ತಾ ಲಂಡನ್ನಿನಲ್ಲೇ ಇದ್ದರು, ಕ್ಷೇಮ. ಊರಿನಲ್ಲಿದ್ದ ಅವರ ತಂಗಿಯ ಮನೆ ಉಳಿದಿರಲಿಲ್ಲ, ತಂಗಿಯೂ. ಕಿಟಕಿಯ ಮೇಜಿನ ಅಜ್ಜ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅಕ್ಕ ನಮ್ಮೆಲ್ಲರ ದುಡ್ಡು ಸೇರಿಸಿ ಕೊಡಲು ಹೋದರೆ ಅವನು ಮೊದಲು ಕುಳ್ಳಿರಿಸಿ ಸೂಪು ಕೊಟ್ಟ, ಆಮೇಲೆ ದುಡ್ಡು ತೆಗೆದುಕೊಂಡ. ಸೂಪಿಗೆ ಬಿಲ್ಲು ಹಾಕಲಿಲ್ಲ.

ಆ ದಿನದಿಂದ ನಮ್ಮ ಐವರ ಗುಂಪು 2008ರಲ್ಲಿ ಮಾತಾಡುತ್ತಿದ್ದಷ್ಟೇ ಮಾತಾಡುತ್ತಿದೆ. ಮಾಸ್ತರ ಬೆಂಗಳೂರಿನ ಟರ್ಕಿಶ್ ಹೋಟೆಲೊಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸಲಾಡಿಗೆ ಮುನ್ನೂರು ರೂಪಾಯಿ ಹಾಕಿದ್ದಾರೆಂದು ಬಿಲ್ಲಿನ ಫೋಟೋ ಕಳಿಸಿದ್ದಾನೆ. ಅವನ ಸಿಟ್ಟು ಇನ್ನೂ ಇಳಿದಿಲ್ಲ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಲಂಡನ್ನಿನಲ್ಲಿದ್ದು, ನೀವು ನೋಡಲು ಹೋಗುವುದಿದ್ದರೆ, ಒಂದು ಸಂಜೆ ಟ್ರಫಾಲ್ಗರ್ ಚೌಕದಲ್ಲಿ 29ನೇ ನಂಬರಿನ ಬಸ್ಸು ಹತ್ತಿ. ಜೋಡಿ ಬಸ್ಸನ್ನು 2011ರಲ್ಲೇ ತೆಗೆದಿದ್ದಾರೆ, ಈಗ ಮಾಮೂಲಿ ಡಬಲ್ ಡೆಕ್ಕರ್. ಹ್ಯಾರಿಂಗೇಯಲ್ಲಿ ಇಳಿದು, ಒಲೆ ಎದುರಿಗೇ ಕಾಣುವ ಯಾವ ಹೋಟೆಲಿಗಾದರೂ ನುಗ್ಗಿ. ಶುಕ್ರವಾರ ಶನಿವಾರ ಬೇಡ, ಜಾಗ ಸಿಗುವುದಿಲ್ಲ. ಕೇಳದೆ ಬಂದ ಸಲಾಡ್ ಮುಗಿಯುವ ತನಕ ಬೇರೇನೂ ಹೇಳಬೇಡಿ. ಸಸ್ಯಾಹಾರಿಗಳಿದ್ದರೆ ರೊಟ್ಟಿ ಬೇರೆ ತರಲು ಮೊದಲೇ ತಿಳಿಸಿ. ಒಬ್ಬರೇ ಮಾತ್ರ ಹೋಗಬೇಡಿ, ಮೂರು ನಾಲ್ಕು ಜನರನ್ನಾದರೂ ಕಟ್ಟಿಕೊಂಡು ಹೋಗಿ.